ಕಬ್ಬಿಣದ ಹಸಿವು

ಬಂಡಮಡುಗಿನ ಹೊಸ ಕೊಳವೆಬಾವಿಯಲ್ಲಿ ನೀರು ಬಿದ್ದದ್ದು ಸಾವಿರದ ಎಂಟುನೂರ ನಲವತ್ತು ಅಡಿಯಲ್ಲಿ. ಆಂಧ್ರದ ಗಡಿಗೆ ಅಂಟಿಕೊಂಡ ಆ ಬಯಲುಸೀಮೆಯಲ್ಲಿ ಅಷ್ಟು ಆಳಕ್ಕೆ ಅದುವರೆಗೆ ಯಾರೂ ಕೊರೆಸಿರಲಿಲ್ಲ. ಕಪ್ಪು ಬಂಡೆಯ ಸೀಳಿನಲ್ಲಿ ಲಕ್ಷಾಂತರ ವರ್ಷಗಳಿಂದ ಸೂರ್ಯನನ್ನೇ ಕಾಣದೆ ಕೂತಿದ್ದ ನೀರು ಮೂರಾಳೆತ್ತರ ಚಿಮ್ಮಿದಾಗ ಊರಿನವರು ಅದರಡಿ ನಿಂತು ನೆನೆದರು. ಪಂಚಾಯಿತಿಯವರು ನೀರನ್ನು ಪರೀಕ್ಷೆಗೆ ಕಳಿಸಿದರು. ಫ್ಲೋರೈಡ್ ಇಲ್ಲ, ಉಪ್ಪಿಲ್ಲ, ಕುಡಿಯಲು ಯೋಗ್ಯ ಎಂದು ವರದಿ ಬಂತು. ವರದಿಯಲ್ಲಿ ಸುಳ್ಳೇನೂ ಇರಲಿಲ್ಲ. ಆ ನೀರಿನಲ್ಲಿದ್ದದ್ದನ್ನು ಹುಡುಕುವ ಪರೀಕ್ಷೆ ಆಗ ಜಗತ್ತಿನಲ್ಲಿ ಎಲ್ಲಿಯೂ ಇರಲಿಲ್ಲ, ಅಷ್ಟೆ.

ನಾಲ್ಕು ತಿಂಗಳ ಮೇಲೆ ಆ ಊರಿನ ಬಸುರಿಯರು ಬಿಳಿಚಿಕೊಳ್ಳತೊಡಗಿದರು. ಮೊದಲು ತುಟಿ, ಆಮೇಲೆ ಉಗುರು, ಆಮೇಲೆ ಕಣ್ಣಿನ ಕೆಳರೆಪ್ಪೆಯ ಒಳಮೈ. ಒಂದೇ ವಾರದಲ್ಲಿ ಮೂವರನ್ನು ದೊಡ್ಡಾಸ್ಪತ್ರೆಗೆ ಸೇರಿಸಿದರು. ರಕ್ತ ಕಡಿಮೆಯಿದೆ ಎಂದು ವೈದ್ಯರು ರಕ್ತ ಕೊಟ್ಟರು. ಯಾರಾದರೂ ಮಾಡುವುದು ಅದನ್ನೇ. ರಕ್ತ ಏರಿಸಿದ ನಾಲ್ಕು ಗಂಟೆಯೊಳಗೆ ಬೆಂಕಿಯಂಥ ಜ್ವರ ಬಂದು ಮೂವರೂ ಹೋದರು. ಹೊಟ್ಟೆಯೊಳಗಿನ ಕೂಸುಗಳೂ ಹೋದವು.

ಅವರ ರಕ್ತದ ಮಾದರಿಗಳು ಬೆಂಗಳೂರಿನ ಸೂಕ್ಷ್ಮಜೀವಿ ಪ್ರಯೋಗಾಲಯವೊಂದಕ್ಕೆ ಬಂದವು. ಅಲ್ಲಿ ಅವನ್ನು ಕೈಗೆತ್ತಿಕೊಂಡವಳು ಡಾ. ಸುಗುಣಾ. ಡಬ್ಬಿಯ ಮೇಲಿನ ಊರಿನ ಹೆಸರನ್ನು ಅವಳು ಎರಡು ಸಲ ಓದಿದಳು. ಅವಳ ಒಬ್ಬಳೇ ತಂಗಿ ವಾಣಿಯನ್ನು ಕೊಟ್ಟಿದ್ದು ಅದೇ ಬಂಡಮಡುಗಿಗೆ. ವಾಣಿ ಆಗ ಏಳು ತಿಂಗಳ ಬಸುರಿ.

ತಾಯಿ ತೀರಿಕೊಂಡಾಗ ಸುಗುಣಾಗೆ ಹದಿನೇಳು, ವಾಣಿಗೆ ಆರು. ತಂಗಿಗೆ ಜಡೆ ಹೆಣೆದು ಶಾಲೆಗೆ ಕಳಿಸಿ ತಾನು ಕಾಲೇಜಿಗೆ ಓಡುತ್ತಿದ್ದವಳು ಸುಗುಣಾ. ತಾನು ಮದುವೆಯಾಗಲಿಲ್ಲ, ತಂಗಿಯ ಮದುವೆ ಮಾಡಿದಳು. ಗಂಡ ಅಶ್ವತ್ಥ ರೇಷ್ಮೆಹುಳು ಸಾಕುವವನು, ಮಾತು ಕಡಿಮೆ, ಕೆಲಸಗಾರ. ಒಂಬತ್ತು ವರ್ಷ ಮಕ್ಕಳಾಗಲಿಲ್ಲ. ಹತ್ತನೆಯ ವರ್ಷ ವಾಣಿ ಫೋನು ಮಾಡಿ ಏನೂ ಹೇಳಲಾಗದೆ ಬರೀ ಅತ್ತಿದ್ದಳು. ಸುಗುಣಾಗೆ ಅದರಲ್ಲೇ ಅರ್ಥವಾಗಿತ್ತು.

ಅಂದಿನಿಂದ ಅವಳು ದಿನಾ ಬೆಳಿಗ್ಗೆ ಫೋನು ಮಾಡಿ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ, ಕಬ್ಬಿಣದ ಮಾತ್ರೆ ನುಂಗಿದೆಯಾ ಎಂದು. ವಾಣಿಗೆ ಆ ಮಾತ್ರೆ ಆಗುತ್ತಿರಲಿಲ್ಲ. ಹೊಟ್ಟೆ ತೊಳಸುತ್ತದೆ, ಬಾಯೆಲ್ಲ ತುಕ್ಕು ನೆಕ್ಕಿದ ಹಾಗಾಗುತ್ತದೆ ಎಂದು ರಾಗ ಎಳೆಯುತ್ತಿದ್ದಳು. ಸುಗುಣಾ ಗದರುತ್ತಿದ್ದಳು. ಬರೀ ನೀರಿನಲ್ಲಿ ಬೇಡ, ನಿಂಬೆಹಣ್ಣಿನ ರಸದ ಜೊತೆ ತೆಗೆದುಕೋ, ಆಗ ಕಬ್ಬಿಣ ಮೈಗೆ ಚೆನ್ನಾಗಿ ಹಿಡಿಯುತ್ತದೆ ಎಂದು ಕಲಿಸಿಕೊಟ್ಟವಳೂ ಅವಳೇ. ವಾಣಿ ಒಂದು ದಿನವೂ ತಪ್ಪಿಸಲಿಲ್ಲ.

ಪ್ರಯೋಗಾಲಯದಲ್ಲಿ ಮೂರು ದಿನ ಏನೂ ಸಿಗಲಿಲ್ಲ. ಮಾಮೂಲು ಪೋಷಕ ದ್ರವಗಳಲ್ಲಿ ಆ ರಕ್ತದಿಂದ ಏನೂ ಬೆಳೆಯಲಿಲ್ಲ. ಜೊತೆಯಲ್ಲಿದ್ದ ಡಾ. ಇಮ್ತಿಯಾಜ್ ತಾಳ್ಮೆಯ ಮನುಷ್ಯ, ನೀರಿನ ವಿಭಾಗದಿಂದ ಬಂದವನು. ಎಲ್ಲ ದಾರಿಯೂ ಮುಚ್ಚಿದ ಮೇಲೆ ಅವನು ಹಳೆಯ ಪೈಪುಗಳಲ್ಲಿ ತುಕ್ಕು ಕಟ್ಟಿಸುವ ಬ್ಯಾಕ್ಟೀರಿಯಾಗಳನ್ನು ಬೆಳೆಸಲು ಬಳಸುವ, ಕಬ್ಬಿಣದ ಲವಣ ತುಂಬಿದ ದ್ರವಕ್ಕೆ ಒಂದು ಹನಿ ರಕ್ತ ಬಿಟ್ಟಿಟ್ಟ. ಮರುದಿನ ಬೆಳಿಗ್ಗೆ ಆ ನಳಿಕೆ ಮಸಿಯಂತೆ ಕಪ್ಪಾಗಿತ್ತು. ಸೂಕ್ಷ್ಮದರ್ಶಕದಡಿ ನೋಡಿದರೆ ಸಣ್ಣ ಬಾಗಿದ ಕಡ್ಡಿಗಳು, ಲೆಕ್ಕವಿಲ್ಲದಷ್ಟು. ಯಾವ ಪಟ್ಟಿಯಲ್ಲೂ ಇಲ್ಲದ ಜೀವಿ.

ಅದಕ್ಕೆ ಗಾಳಿ ಬೇಡ, ಬೆಳಕು ಬೇಡ. ಬಂಡೆಯೊಳಗಿನ ಕಬ್ಬಿಣವನ್ನು ತಿಂದು ಬದುಕಿದ ಜೀವ ಅದು. ಹೊಸ ಕೊಳವೆಬಾವಿಯ ನೀರಿನಲ್ಲೂ ಅದೇ ಸಿಕ್ಕಿತು. ಊರಿನವರ ಮಲದ ಮಾದರಿ ತರಿಸಿ ನೋಡಿದರೆ ಮಕ್ಕಳು, ಮುದುಕರು, ಎಲ್ಲರ ಕರುಳಿನಲ್ಲೂ ಇತ್ತು. ಆದರೆ ಅವರೆಲ್ಲ ನೆಟ್ಟಗೆ ಓಡಾಡಿಕೊಂಡಿದ್ದರು. ಕರುಳಿನಲ್ಲಿ ಮಲಗಿದ್ದ ಜೀವಿ ಕೆಲವರಲ್ಲಿ ಮಾತ್ರ ಏಕೆ ಎದ್ದು ರಕ್ತಕ್ಕೆ ಇಳಿಯುತ್ತದೆ ಎನ್ನುವುದೊಂದು ಗೊತ್ತಾಗಬೇಕಿತ್ತು. ಆ ನೀರು ಮುಟ್ಟಬೇಡ ಎಂದು ತಂಗಿಗೆ ಫೋನಿನಲ್ಲಿ ಹೇಳಿ, ಸುಗುಣಾ ಇಮ್ತಿಯಾಜನನ್ನು ಕರೆದುಕೊಂಡು ಬಂಡಮಡುಗಿಗೆ ಹೊರಟಳು.

ಮೊದಲು ಹೋದದ್ದು ತಂಗಿಯ ಮನೆಗೆ. ವಾಣಿ ಹಿಪ್ಪುನೇರಳೆ ಸೊಪ್ಪು ಕತ್ತರಿಸುವ ಮಣೆಯ ಪಕ್ಕ ಗೋಡೆಗೊರಗಿ ಕೂತಿದ್ದಳು. ಅಕ್ಕನನ್ನು ಕಂಡು ಎದ್ದು ನಿಂತವಳು ಮತ್ತೆ ಕೂತಳು. ಬಿಸಿಲಿಗೆ ಸುಸ್ತು ಎಂದಳು. ಸುಗುಣಾ ಅವಳ ಕೆಳರೆಪ್ಪೆಯನ್ನು ಬೆರಳಿನಲ್ಲಿ ಇಳಿಸಿ ನೋಡಿದಳು. ಅಲ್ಲಿ ಕೆಂಪೇ ಇರಲಿಲ್ಲ.

ಅಶ್ವತ್ಥನಿಗೆ ಆಂಬುಲೆನ್ಸಿಗೆ ಫೋನು ಮಾಡಲು ಹೇಳಿ ಅವಳು ಅಂಗನವಾಡಿಗೆ ಬಂದಳು. ಅಲ್ಲಿ ಆಶಾ ಕಾರ್ಯಕರ್ತೆ ವೆಂಕಟಲಕ್ಷ್ಮಮ್ಮ ಬಸುರಿಯರನ್ನು ಸೇರಿಸಿಕೊಂಡು ಕಾಯುತ್ತಿದ್ದಳು. ಐವತ್ತರ ಆಸುಪಾಸಿನ ಹೆಂಗಸು. ಹದಿನಾಲ್ಕು ವರ್ಷದಿಂದ ಆ ಊರಿನ ಪ್ರತಿ ಹೆರಿಗೆಗೂ ಆಸ್ಪತ್ರೆಯ ತನಕ ಜೊತೆಗೆ ಹೋದವಳು. ಅವಳ ಪುಸ್ತಕದಲ್ಲಿ ಹನ್ನೊಂದು ಹೆಸರಿದ್ದವು. ಮೂವರು ತೀರಿಕೊಂಡಿದ್ದರು. ವಾಣಿ ಮತ್ತು ಶೋಭಾ ಎಂಬ ಇನ್ನೊಬ್ಬಳು ಬಿಳಿಚಿಕೊಂಡಿದ್ದರು. ಉಳಿದ ಆರು ಮಂದಿ ಎದುರಿಗೇ ಕೂತಿದ್ದರು, ಆರೋಗ್ಯವಾಗಿ.

ಸುಗುಣಾ ಎಲ್ಲವನ್ನೂ ಕೇಳಿದಳು. ಅದೇ ನೀರು, ಅದೇ ರಾಗಿ, ಅದೇ ಕೆಲಸ. ಆರು ಮಂದಿಗೂ ಐದು ಮಂದಿಗೂ ಯಾವ ವ್ಯತ್ಯಾಸವೂ ಕಾಣಲಿಲ್ಲ. ಕೊನೆಗೆ ಮಾತ್ರೆಯ ಮಾತು ಬಂದಾಗ ಎಲ್ಲರೂ ತಪ್ಪದೆ ನುಂಗುತ್ತಿದ್ದೇವೆ ಎಂದರು. ವೆಂಕಟಲಕ್ಷ್ಮಮ್ಮನೂ ತಾಯಿ ಕಾರ್ಡುಗಳನ್ನು ತೆರೆದು ತಾನು ಹಾಕಿದ ಗುರುತು ತೋರಿಸಿದಳು. ಆಗ ಮೂಲೆಯಲ್ಲಿದ್ದ ಗಂಗುಲಮ್ಮ ಎಂಬ ಹುಡುಗಿ ಅಳುವುದಕ್ಕೆ ಶುರುಮಾಡಿದಳು. ಏಕೆಂದು ಸುಗುಣಾ ಕೇಳಿದಳು.

"ನಾನು ನುಂಗ್ಲಿಲ್ಲ ಮೇಡಂ," ಎಂದಳು ಕಡೆಗೆ. "ವಾಸ್ನೆಗೇ ವಾಕರಿಕೆ ಬರೋದು. ತಿಪ್ಪೆಗೆ ಬಿಸಾಕ್ತಿದ್ದೆ. ಆಶಾ ಅಕ್ಕ ಬೈತಾರೆ ಅಂತ ಸುಳ್ಳು ಹೇಳ್ದೆ."

ಅವಳು ಬಾಯಿ ಬಿಟ್ಟದ್ದೇ ಉಳಿದವರೂ ಬಿಟ್ಟರು. ಒಬ್ಬಳು ಹಿತ್ತಲ ಬೇಲಿಗೆ ಎಸೆಯುತ್ತಿದ್ದಳು. ಇಬ್ಬರು ಡಬ್ಬಿಯಲ್ಲಿ ಹಾಗೆಯೇ ಕೂಡಿಟ್ಟಿದ್ದರು. ಮತ್ತೊಬ್ಬಳ ಅತ್ತೆ, ಮಗು ಕಪ್ಪಾಗುತ್ತದೆಂದು ಕಿತ್ತುಕೊಂಡಿದ್ದಳು. ಆರನೆಯವಳಿಗೆ ನುಂಗಿದ್ದೆಲ್ಲ ವಾಂತಿಯಾಗುತ್ತಿತ್ತು. ಆರು ಮಂದಿಯ ಮೈಗೂ ಮಾತ್ರೆಯ ಕಬ್ಬಿಣ ಸೇರಿರಲಿಲ್ಲ. ಬಿಳಿಚಿಕೊಂಡ ಐವರು ಮಾತ್ರ ತನ್ನ ಕಣ್ಣೆದುರೇ ನುಂಗುತ್ತಿದ್ದರು ಎಂದಳು ವೆಂಕಟಲಕ್ಷ್ಮಮ್ಮ.

ಇಮ್ತಿಯಾಜ್ ಬರೆಯುವುದನ್ನು ನಿಲ್ಲಿಸಿ ಸುಗುಣಾಳ ಮುಖ ನೋಡಿದ. ಇಬ್ಬರಿಗೂ ಒಟ್ಟಿಗೇ ಹೊಳೆದಿತ್ತು. ಕರುಳಿಗೆ ಕಬ್ಬಿಣ ಧಾರಾಳವಾಗಿ ಬಂದಾಗ ಜೀವಿ ಎಚ್ಚರಗೊಳ್ಳುತ್ತದೆ. ಎಚ್ಚರವಾದದ್ದು ರಕ್ತಕ್ಕೆ ಇಳಿದು ಕೆಂಪು ಕಣಗಳೊಳಗೆ ಹೊಕ್ಕು ಅಲ್ಲಿಯ ಕಬ್ಬಿಣ ತಿನ್ನುತ್ತದೆ. ರೋಗಿ ಬಿಳಿಚಿಕೊಳ್ಳುತ್ತಾಳೆ. ರಕ್ತ ಕಡಿಮೆಯಾಯಿತೆಂದು ನಾವು ಇನ್ನಷ್ಟು ರಕ್ತ ಕೊಡುತ್ತೇವೆ. ಹಸಿದದ್ದಕ್ಕೆ ಎಡೆ ಬಡಿಸಿದ ಹಾಗೆ.

ವೆಂಕಟಲಕ್ಷ್ಮಮ್ಮನಿಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಅವಳು ಕಾರ್ಡುಗಳನ್ನು ಒಂದರ ಮೇಲೊಂದು ಜೋಡಿಸಿದಳು.

"ನನ್ನ ಮಾತು ಕೇಳಿದೋರೇ ಹೋದ್ರು," ಎಂದಳು. "ನನಗೆ ಸುಳ್ಳು ಹೇಳಿದೋರು ಉಳ್ಕೊಂಡ್ರು."

ಸುಗುಣಾಳ ತಲೆಯಲ್ಲಿ ನಿಂಬೆಹಣ್ಣಿನ ರಸ ಮಾತ್ರ ಇತ್ತು.

ಅಷ್ಟರಲ್ಲಿ ಹೊರಗೆ ವ್ಯಾನು ಬಂದು ನಿಂತಿತು. ಬಸುರಿಯರ ಸಾವಿನ ಸುದ್ದಿ ಕೇಳಿ ಇಲಾಖೆಯವರು ಆ ಹೋಬಳಿಯ ಎಲ್ಲ ಬಸುರಿಯರಿಗೂ ಕಬ್ಬಿಣದ ಇಂಜೆಕ್ಷನ್ ಕೊಡಲು ತುರ್ತಾಗಿ ಕಳಿಸಿದ್ದ ವ್ಯಾನು ಅದು. ನರ್ಸಮ್ಮ ಪೆಟ್ಟಿಗೆಗಳನ್ನು ಇಳಿಸಿ ಒಳಗಿಟ್ಟಳು. ಕೊಡಬೇಡಿ ಎಂದು ಸುಗುಣಾ ಹೇಳಿದರೆ ಅವಳು ಪಾಪ, ಮೇಲಿನವರ ಆದೇಶವಿದೆ ಎಂದಳು. ಸುಗುಣಾ ಅಧಿಕಾರಿಗೆ ಫೋನು ಮಾಡಿದಳು. ಅವರು ಸಭ್ಯವಾಗಿಯೇ ಕೇಳಿಸಿಕೊಂಡು, ರಕ್ತಹೀನತೆಗೆ ಕಬ್ಬಿಣ ಕೊಡಬೇಡಿ ಎನ್ನುತ್ತೀರಲ್ಲ, ಬರವಣಿಗೆಯಲ್ಲಿ ಕಳಿಸಿ, ತಜ್ಞರಿಗೆ ತೋರಿಸುತ್ತೇನೆ ಎಂದರು. ನರ್ಸು ಮೊದಲ ಸಿರಿಂಜಿನ ಪೊಟ್ಟಣ ಹರಿದಾಗಿತ್ತು.

ವೆಂಕಟಲಕ್ಷ್ಮಮ್ಮ ಎದ್ದಳು. ಬಸುರಿಯರನ್ನೆಲ್ಲ ಕೈಹಿಡಿದು ಹೊರಗೆ ಕಳಿಸಿದಳು. ನರ್ಸನ್ನೂ ಮರ್ಯಾದೆಯಿಂದಲೇ ಹೊರಗೆ ನಡೆಸಿದಳು. ಪೆಟ್ಟಿಗೆಗಳು ಒಳಗಿದ್ದ ಹಾಗೆಯೇ ಅಂಗನವಾಡಿಗೆ ಬೀಗ ಹಾಕಿ, ಬೀಗದಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬಾಗಿಲಿಗೆ ಅಡ್ಡ ಕೂತಳು. ಕೆಲಸ ಹೋಗುತ್ತದೆಂದು ಯಾರೋ ಹೆದರಿಸಿದರು. ಹೋಗಲಿ ಎಂದಳು. ಇಮ್ತಿಯಾಜ್ ತನ್ನ ಫಲಿತಾಂಶಗಳನ್ನೆಲ್ಲ ಫೋನಿನಲ್ಲೇ ಕಳಿಸುತ್ತ, ಒಬ್ಬರಾದ ಮೇಲೊಬ್ಬರನ್ನು ಬೇಡಿಕೊಳ್ಳುತ್ತ ಬಿಸಿಲಿನಲ್ಲಿ ತಿರುಗಿದ. ಮೂರು ಗಂಟೆಗೆ ಇಂಜೆಕ್ಷನ್ ನಿಲ್ಲಿಸಿ ಎಂಬ ಆದೇಶ ಬಂತು. ಬಂಡಮಡುಗನ್ನು ನೋಡಿ ಆ ಹೋಬಳಿಯ ಇನ್ನೂ ಐದು ಹಳ್ಳಿಗಳವರು ಅಷ್ಟೇ ಆಳದ ಕೊಳವೆಬಾವಿ ಕೊರೆಸಿದ್ದರು. ನಲವತ್ತಮೂರು ಬಸುರಿಯರಿಗೆ ಆ ದಿನ ಸೂಜಿ ಚುಚ್ಚಲಿಲ್ಲ.

ಸುಗುಣಾ ಮಾತ್ರ ಅದಕ್ಕೂ ಮೊದಲೇ ತಂಗಿಯ ಹಿಂದೆ ಆಂಬುಲೆನ್ಸ್ ಹತ್ತಿದ್ದಳು.

ಆಸ್ಪತ್ರೆಯಲ್ಲಿ ವಾಣಿಗೂ ಶೋಭಾಳಿಗೂ ಅಕ್ಕಪಕ್ಕದ ಮಂಚ ಸಿಕ್ಕಿತು. ವಾಣಿಯ ಹಿಮೊಗ್ಲೋಬಿನ್ ಐದಕ್ಕಿಂತ ಕೆಳಗಿತ್ತು. ಅಶ್ವತ್ಥ ಆಗಲೇ ತನ್ನ ಅಣ್ಣತಮ್ಮಂದಿರನ್ನೆಲ್ಲ ಕರೆಸಿ ರಕ್ತನಿಧಿಯ ಬಾಗಿಲಿನಲ್ಲಿ ಸಾಲಾಗಿ ನಿಲ್ಲಿಸಿದ್ದ. ಸುಗುಣಾ ಅವರ ಮುಂದೆ ನಿಂತು, ರಕ್ತ ಕೊಡಬಾರದು ಎಂದು ಹೇಳಬೇಕಾಯಿತು.

"ಅವಳ ಮೈಯಲ್ಲಿ ರಕ್ತಾನೇ ಇಲ್ಲ, ನೀವೇ ಹೇಳ್ತಿದೀರ. ನಾವು ಕೊಡ್ತೀವಿ ಅಂತಿದೀವಿ. ಬೇಡ ಅಂತ ಯಾರಾದ್ರೂ ಅಂತಾರೇನಕ್ಕಾ?" ಎಂದ ಅಶ್ವತ್ಥ.

ಅವಳು ವಿವರಿಸಿದಳು. ಕರುಳಿನಲ್ಲಿರುವಾಗ ಈ ಜೀವಿಯನ್ನು ಸಾಮಾನ್ಯ ಔಷಧವೇ ಕೊಲ್ಲುತ್ತದೆ. ಕೆಂಪು ಕಣದೊಳಗೆ ಹೊಕ್ಕ ಮೇಲೆ ಯಾವ ಔಷಧಕ್ಕೂ ಅದು ಸಿಗುವುದಿಲ್ಲ. ಉಳಿದಿರುವ ದಾರಿ ಒಂದೇ, ಉಪವಾಸ ಕೆಡವುವುದು. ಪದೇಪದೇ ರಕ್ತ ಪಡೆಯುವ ಮಕ್ಕಳ ಮೈಯಲ್ಲಿ ಹೆಚ್ಚಾದ ಕಬ್ಬಿಣವನ್ನು ಹೊರಹಾಕಲು ಕೊಡುವ ಔಷಧವೊಂದಿದೆ. ಅದನ್ನು ಹನಿಹನಿಯಾಗಿ ಏರಿಸಬೇಕು. ಅದನ್ನು ಬೆರೆಸಿದ ನಳಿಕೆಯಲ್ಲಿ ಈ ಜೀವಿ ಸಾಯುತ್ತಿರುವ ಲೆಕ್ಕ ನೋಡಿದರೆ ಹತ್ತು ದಿನ ಬೇಕು. ಮನುಷ್ಯರ ಮೈಯಲ್ಲಿ ಎಷ್ಟು ದಿನವೋ ಅವಳಿಗೂ ಗೊತ್ತಿರಲಿಲ್ಲ. ಅಲ್ಲಿಯ ತನಕ ಆಮ್ಲಜನಕ ಕೊಟ್ಟು, ಅಲುಗಾಡದ ಹಾಗೆ ಮಲಗಿಸಿ, ಇರುವ ಚೂರು ರಕ್ತದಲ್ಲೇ ತಾಯಿಯನ್ನೂ ಮಗುವನ್ನೂ ದಾಟಿಸಬೇಕು. ಅಶ್ವತ್ಥ ಎಲ್ಲ ಕೇಳಿ ಕಾಗದಕ್ಕೆ ಸಹಿ ಹಾಕಿದ. ಅವನ ಅಣ್ಣ ಮಾತ್ರ, ಓದಿದೋರ ಕೈಗೆ ಹೆಂಡ್ತೀನ ಕೊಟ್ಟೆ ನೀನು ಎಂದು ಹೇಳಿ ಊರಿಗೆ ಹೊರಟುಹೋದ.

ಆಸ್ಪತ್ರೆಯ ಹಿಂದಿನ ಒಂದು ಕೋಣೆಯಲ್ಲಿ ಇಮ್ತಿಯಾಜ್ ಸಣ್ಣ ಪ್ರಯೋಗಾಲಯ ಹೂಡಿದ. ಬೆಳಿಗ್ಗೆ ಸಂಜೆ ಇಬ್ಬರ ರಕ್ತದ ಹನಿಯಲ್ಲಿ ಎಷ್ಟು ಕಡ್ಡಿಗಳಿವೆ ಎಂದು ಎಣಿಸುವುದು. ಎಣಿಸಿ ಮುಗಿದ ಮೇಲೆ ಸುಗುಣಾ ತಂಗಿಯ ಮಂಚದ ಪಕ್ಕ ಬಂದು ಕೂರುತ್ತಿದ್ದಳು. ವಾಣಿಗೆ ಮಾತಾಡಿದರೆ ಏದುಸಿರು ಬರುತ್ತಿತ್ತು. ಆದರೂ ಸಣ್ಣಪುಟ್ಟ ಮಾತಾಡುತ್ತಿದ್ದಳು. ರೇಷ್ಮೆಹುಳು ನಾಲ್ಕನೇ ಜ್ವರ ಮುಗಿಸಿ ಪೊರೆ ಬಿಟ್ಟಿರುತ್ತವೆ, ಸೊಪ್ಪು ಯಾರು ಹಾಕುತ್ತಾರೋ ಎನ್ನುತ್ತಿದ್ದಳು. ಮಗು ಒದ್ದಾಗ ಅಕ್ಕನ ಕೈ ಹಿಡಿದು ಹೊಟ್ಟೆಯ ಮೇಲೆ ಇಟ್ಟುಕೊಳ್ಳುತ್ತಿದ್ದಳು. ಮಾತ್ರೆಯ ಸಂಗತಿಯನ್ನು ಸುಗುಣಾ ಅವಳಿಗಾಗಲಿ ಅಶ್ವತ್ಥನಿಗಾಗಲಿ ಹೇಳಿರಲಿಲ್ಲ. ಹುಷಾರಾದ ಮೇಲೆ ಹೇಳಿದರಾಯಿತು ಎಂದುಕೊಂಡಿದ್ದಳು. ಹೇಳುವ ಧೈರ್ಯವಿರಲಿಲ್ಲ ಎನ್ನುವುದು ಅದಕ್ಕಿಂತ ನಿಜ.

ಏಳನೆಯ ದಿನ ಬೆಳಿಗ್ಗೆ ಬಂದಾಗ ವಾಣಿ ಸೂರು ನೋಡುತ್ತ ಮಲಗಿದ್ದಳು. ಶೋಭಾಳನ್ನು ನೋಡಲು ಬಂದ ಊರಿನ ಹೆಂಗಸರು ತಮ್ಮತಮ್ಮಲ್ಲಿ ಮಾತಾಡಿಕೊಂಡದ್ದು ಅವಳ ಕಿವಿಗೆ ಬಿದ್ದಿತ್ತು.

"ಮಾತ್ರೆಯಿಂದ್ಲೇ ಆಗಿದ್ದಂತೆ," ಎಂದಳು. "ನಿಜಾನಾ?"

ಸುಗುಣಾ ಜೀವನದಲ್ಲಿ ತಂಗಿಗೆ ಸುಳ್ಳು ಹೇಳಿದವಳಲ್ಲ. ಹೌದು ಎಂದಳು. ಆಗ ಯಾರಿಗೂ ಗೊತ್ತಿರಲಿಲ್ಲ ಎಂದೂ ಹೇಳಿದಳು.

"ದಿನಾ ನುಂಗಿದೀನಿ ಕಣೇ ಅಕ್ಕ. ವಾಂತಿ ಬಂದ್ರೂ ತಡ್ಕೊಂಡು ನುಂಗಿದೀನಿ. ನೀನು ಹೇಳಿದ್ದು ಅಂತ."

ಅಷ್ಟು ಹೇಳಿ ವಾಣಿ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡಳು. ಸುಗುಣಾ ಅವಳ ಹೆಗಲು ಮುಟ್ಟಿದಳು.

"ಸ್ವಲ್ಪ ಹೊತ್ತು ಹೊರಗಿರು," ಎಂದಳು ವಾಣಿ.

ಸುಗುಣಾ ಎದ್ದು ಹಿಂದಿನ ಕೋಣೆಗೆ ಹೋದಳು. ಇಮ್ತಿಯಾಜ್ ಸೂಕ್ಷ್ಮದರ್ಶಕದ ಮುಂದೆ ಇದ್ದ. ಅವಳನ್ನು ಕಂಡು ನಕ್ಕ, ಎಷ್ಟೋ ದಿನದ ಮೇಲೆ. ಬಂದು ನೋಡಿ ಎಂದ. ಶೋಭಾಳ ರಕ್ತದ ಹನಿ ಬಹುಮಟ್ಟಿಗೆ ತಿಳಿಯಾಗಿತ್ತು. ವಾಣಿಯದರಲ್ಲಿ ಅರ್ಧದಷ್ಟು ಕಡ್ಡಿಗಳು ಸತ್ತಿದ್ದವು. ಇನ್ನು ಮೂರೇ ದಿನ, ನಾಲ್ಕು ದಿನ ಎಂದಿಟ್ಟುಕೊಳ್ಳಿ ಎಂದ ಅವನು. ಸುಗುಣಾ ಎರಡು ಸಲ ಎಣಿಸಿದಳು. ತಪ್ಪಿರಲಿಲ್ಲ. ತಂಗಿ ಹೊರಗಿರು ಎಂದಿದ್ದಾಳೆ, ಅರ್ಧ ಗಂಟೆ ಬಿಟ್ಟು ಹೋಗೋಣ, ಹೋದಕೂಡಲೇ ಮೊದಲು ಈ ಸುದ್ದಿ ಹೇಳೋಣ ಎಂದು ಓಣಿಯ ತುದಿಯ ಕಲ್ಲುಬೆಂಚಿನ ಮೇಲೆ ಕೂತಳು.

ಆ ಅರ್ಧ ಗಂಟೆಯಲ್ಲಿ ವಾಣಿಗೆ ನೋವು ಶುರುವಾಯಿತು. ದಿನ ತುಂಬಿರಲಿಲ್ಲ. ರಕ್ತಸ್ರಾವವೂ ಆಯಿತು. ಬಾಗಿಲುಗಳು ಬಡಿದುಕೊಂಡ ಸದ್ದಿಗೆ ಸುಗುಣಾ ಎದ್ದು ಓಡಿ ಬರುವಷ್ಟರಲ್ಲಿ ಮಂಚ ಖಾಲಿಯಿತ್ತು. ಶಸ್ತ್ರಚಿಕಿತ್ಸೆಯ ಕೋಣೆಯ ಬಾಗಿಲಲ್ಲಿ ಅಶ್ವತ್ಥ ನಿಂತಿದ್ದ. ಹೆರಿಗೆಯ ವೈದ್ಯೆ ಡಾ. ಕ್ಲಾರಾ ಹೊರಬಂದು, ಪ್ರಜ್ಞೆ ತಪ್ಪಿಸಿದ್ದೇವೆ, ರಕ್ತ ಹೋಗುತ್ತಲೇ ಇದೆ, ಕೊಡಬೇಕೋ ಬೇಡವೋ ಈಗ ಹೇಳಿ ಎಂದರು.

ಅರ್ಧ ಸತ್ತಿವೆ ಎಂದರೆ ಅರ್ಧ ಬದುಕಿವೆ. ಈಗ ರಕ್ತ ಏರಿಸಿದರೆ ಬದುಕಿದವು ಎದ್ದು ಕೂರುತ್ತವೆ, ಜ್ವರ ಏರುತ್ತದೆ, ಹೊಕ್ಕುಳಬಳ್ಳಿಯಲ್ಲಿ ಮಗುವಿಗೂ ಇಳಿಯುತ್ತವೆ. ಏರಿಸದಿದ್ದರೆ ತಾಯಿಯ ಹೃದಯ ನಿಲ್ಲಬಹುದು. ಸುಗುಣಾ ಅಶ್ವತ್ಥನಿಗೆ ಎರಡನ್ನೂ ಹೇಳಿದಳು. ಅವನು, ನೀವು ಏನು ಹೇಳ್ತೀರೋ ಅದೇ ಎಂದ, ಅವಳ ಮುಖ ನೋಡದೆ.

"ಮಗು ಹೊರಗೆ ಬರೋವರೆಗೂ ಬೇಡ," ಎಂದಳು ಸುಗುಣಾ. "ಬಂದ ತಕ್ಷಣ ಕೊಡಿ."

ಮಗು ಬರಲು ಹನ್ನೊಂದು ನಿಮಿಷ ಹಿಡಿಯಿತು. ಹೆಣ್ಣುಮಗು, ಒಂದೂವರೆ ಕಿಲೋ, ಅಳು ಬೆಕ್ಕಿನ ಮರಿಯ ಕೂಗಿನಂತೆ. ಹೊಕ್ಕುಳಬಳ್ಳಿ ಕತ್ತರಿಸಿದ ಮರುಕ್ಷಣ ವಾಣಿಗೆ ರಕ್ತ ಏರಿಸಿದರು. ಎರಡು ಬಾಟಲಿ ಇಳಿಯಿತು. ತುಟಿಗೆ ಬಣ್ಣ ಬಂತು. ಮಧ್ಯಾಹ್ನ ಒಂದರ ಹೊತ್ತಿಗೆ ಜ್ವರವೂ ಬಂತು. ಸುಗುಣಾ ಒದ್ದೆ ಬಟ್ಟೆಯಿಂದ ತಂಗಿಯ ಹಣೆ ಒರೆಸುತ್ತ, ಅರ್ಧದಷ್ಟು ಸತ್ತಿವೆ ಕಣೇ, ಇನ್ನು ಮೂರೇ ದಿನ ಎಂದು ಅವಳ ಕಿವಿಯಲ್ಲಿ ಹೇಳುತ್ತಲೇ ಇದ್ದಳು. ವಾಣಿ ಕಣ್ಣು ತೆರೆಯಲಿಲ್ಲ. ನಾಲ್ಕೂವರೆಗೆ ಹೋದಳು.

ಶೋಭಾ ಹನ್ನೊಂದನೆಯ ದಿನ ಗುಣವಾದಳು. ನೆರೆ ಹಳ್ಳಿಗಳಲ್ಲಿ ಆಗಲೇ ಬಿಳಿಚಿಕೊಂಡಿದ್ದ ಒಂಬತ್ತು ಮಂದಿಯಲ್ಲಿ ಎಂಟು ಮಂದಿ ಅದೇ ಔಷಧದಿಂದ ಉಳಿದರು. ಆರೂ ಕೊಳವೆಬಾವಿಗಳಿಗೆ ಸಿಮೆಂಟು ತುಂಬಿ ಮುಚ್ಚಿದರು. ಊರಿನವರ ಕರುಳು ಶುದ್ಧವಾಗಲು ಔಷಧ ಹಂಚಬೇಕಾಗಿ ಬಂದಾಗ ಯಾರೂ ಮಾತ್ರೆ ಮುಟ್ಟಲಿಲ್ಲ. ವೆಂಕಟಲಕ್ಷ್ಮಮ್ಮ ಕೆಲಸ ಬಿಟ್ಟು ಮನೆಯಲ್ಲಿ ಕೂತಿದ್ದಳು. ಸುಗುಣಾ ಅವಳ ಜಗಲಿಯ ಮೇಲೆ ಮೂರು ದಿನ ಹೋಗಿ ಕೂತಳು. ಒಬ್ಬರನ್ನೊಬ್ಬರು ಸಮಾಧಾನ ಮಾಡಲಿಲ್ಲ. ನಾಲ್ಕನೆಯ ದಿನ ವೆಂಕಟಲಕ್ಷ್ಮಮ್ಮ ಕೆಲಸದ ಸೀರೆ ಉಟ್ಟು ಹೊರಟಳು. ಪ್ರತಿ ಮನೆಯಲ್ಲೂ ಮಾತ್ರೆಯನ್ನು ಮೊದಲು ತಾನು ನುಂಗಿ ತೋರಿಸಿ ಆಮೇಲೆ ಕೊಟ್ಟಳು. ಎಲ್ಲ ಮನೆಗಳಲ್ಲೂ ಅವಳೇ ನುಂಗಿದರೆ ಸತ್ತುಹೋಗುತ್ತಾಳೆಂದು, ಇಪ್ಪತ್ತು ಮನೆಗಳಾದ ಮೇಲೆ ಸುಗುಣಾ ಸರದಿ ತೆಗೆದುಕೊಂಡಳು.

ತಾಯಿಯಿಲ್ಲದ ಮಗುವಿನ ರಕ್ತವನ್ನು ತಿಂಗಳಿಗೊಮ್ಮೆ ಪರೀಕ್ಷಿಸಬೇಕಿತ್ತು. ಅಶ್ವತ್ಥ ತಪ್ಪದೆ ಬೆಂಗಳೂರಿಗೆ ಕರೆತರುತ್ತಿದ್ದ. ಸುಗುಣಾ ಎಳೆಯ ಹಿಮ್ಮಡಿಗೆ ಸೂಜಿ ಚುಚ್ಚಿ ಒಂದು ಹನಿ ತೆಗೆದುಕೊಳ್ಳುತ್ತಿದ್ದಳು. ಅವನು ಮಗುವನ್ನು ಎದೆಗೆ ಅವುಚಿಕೊಂಡು ಎದ್ದು ಹೋಗುತ್ತಿದ್ದ. ಒಂದು ಮಾತೂ ಆಡುತ್ತಿರಲಿಲ್ಲ. ತನ್ನನ್ನು ಅವನು ಕ್ಷಮಿಸಿಲ್ಲ ಎಂದು ಸುಗುಣಾ ತಿಳಿದಿದ್ದಳು. ಅದು ನ್ಯಾಯವೇ ಎಂದೂ ಅಂದುಕೊಂಡಿದ್ದಳು. ಮಗುವನ್ನು ಎತ್ತಿಕೊಳ್ಳಲು ಅವಳು ಯಾವತ್ತೂ ಕೇಳಲಿಲ್ಲ.

ಹನ್ನೆರಡನೆಯ ತಿಂಗಳ ಹನಿಯೂ ತಿಳಿಯಾಗಿತ್ತು. ಇನ್ನು ಬರಬೇಕಾಗಿಲ್ಲ, ಮಗು ಪೂರ್ತಿ ಚೆನ್ನಾಗಿದೆ ಎಂದು ಅವಳು ಹೇಳಿದಳು. ಅಶ್ವತ್ಥ ಏಳಲಿಲ್ಲ.

"ಮೊದ್ಲೇ ರಕ್ತ ಕೊಟ್ಟಿದ್ರೆ ಉಳೀತಿದ್ಲಾ?" ಎಂದು ಕೇಳಿದ.

"ಗೊತ್ತಿಲ್ಲ ಅಶ್ವತ್ಥ. ಕೊಟ್ಟಿದ್ರೆ ಇಬ್ರೂ ಹೋಗ್ತಿದ್ರು ಅಂತ ನನಗನ್ಸುತ್ತೆ. ನಾನು ಹೇಳಿದ್ದು ಒಂದ್ಸಲ ತಪ್ಪಾಗಿತ್ತು. ಇದೂ ತಪ್ಪಾಗಿರಬಹುದು."

ಅವನು ತಲೆ ಅಲ್ಲಾಡಿಸಿದ. ಅವನಿಗೆ ಬೇಕಾಗಿದ್ದದ್ದು ಆ ಉತ್ತರವಲ್ಲ ಎಂದು ಅವಳಿಗೆ ಆಗ ಕಂಡಿತು. ಮಗುವಿನ ಟೋಪಿಯ ದಾರ ಬಿಚ್ಚಿದ, ಮತ್ತೆ ಕಟ್ಟಿದ.

"ಒಳಗೆ ಕರ್ಕೊಂಡು ಹೋಗೋ ಮುಂಚೆ ನಿಮ್ಮನ್ನ ಕೇಳಿದ್ಲು," ಎಂದ. "ಅಕ್ಕ ಎಲ್ಲಿ, ಅಕ್ಕನ್ನ ಕರೀರಿ ಅಂದ್ಲು. ಎರಡ್ಸಲ ಅಂದ್ಲು. ನೀವು ಬೆಂಚಿನ ಮೇಲೆ ಕೂತಿದ್ದು ನನಗೆ ಕಾಣ್ತಿತ್ತು. ಮಾತ್ರೆ ವಿಷ್ಯ ನನಗೂ ಅವತ್ತೇ ಗೊತ್ತಾಗಿದ್ದು. ಸಿಟ್ಟು ಬಂದಿತ್ತು. ನಾನು ಕರೀಲಿಲ್ಲ."

ಇಡೀ ವರ್ಷ ಸುಗುಣಾ ತಂಗಿಯ ಕೊನೆಯ ಮಾತೆಂದು ಹೊತ್ತು ತಿರುಗಿದ್ದು ಹೊರಗಿರು ಎಂಬುದನ್ನು. ಇಪ್ಪತ್ತು ಹೆಜ್ಜೆ ಆಚೆಗೆ ಕೂತಿದ್ದವಳನ್ನು ವಾಣಿ ಕರೆದಿದ್ದಳು. ಇವನು ಅದನ್ನು ಹನ್ನೊಂದು ಸಲ ಹೇಳಲು ಬಂದು, ಹನ್ನೊಂದು ಸಲ ನುಂಗಿಕೊಂಡು ಹೋಗಿದ್ದ. ಸಿಟ್ಟು ಅವಳಿಗೂ ಬಂತು. ಅವನ ಮುಖ ನೋಡಿದಳು. ಆ ಮುಖಕ್ಕೆ ತಾನು ಕೊಡಬಹುದಾದ ಯಾವ ಶಿಕ್ಷೆಯೂ ಉಳಿದಿರಲಿಲ್ಲ.

ಅಷ್ಟರಲ್ಲಿ ಮಗು ರಚ್ಚೆ ಹಿಡಿಯಿತು. ಅದಕ್ಕೆ ಹಾಲು ಬಿಸಿ ಮಾಡಬೇಕಿತ್ತು. ಅಶ್ವತ್ಥನ ಚೀಲದಲ್ಲಿ ಬಾಟಲಿಯಿತ್ತು, ತೆಗೆಯಲು ಕೈ ಬಿಡುವಿರಲಿಲ್ಲ. ಸುಗುಣಾ ಎರಡೂ ಕೈ ಚಾಚಿದಳು. ಅವನು ಮಗುವನ್ನು ಕೊಟ್ಟ.

ಅವಳು ಅಂದುಕೊಂಡದ್ದಕ್ಕಿಂತ ಮಗು ಭಾರವಾಗಿತ್ತು.